ಅವ್ವನ ಜಳಕ

ನಮ್ಮ ಚನ್ನಣ್ಣ ಕಣ್ಣಿಗೆ ವಸ್ತ್ರ ಕಟ್ಟಿಕೊಂಡು ಅವ್ವನಿಗೆ ಜಳಕ ಮಾಡಿಸುತ್ತಿದ್ದ. ಲಕ್ವಾ ಹೊಡೆದು ಅವ್ವನ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಬಾಯಿ ಮಾತ್ರ ಗಟ್ಟಿ. "ಹಡದ ಮಗನ ಮುಂದ ಬತ್ತಲೆ ಕುಂಡ್ರಬೇಕೇನೋ? ನಾ ಏನ ದನಾನ?" ಎಂದು ಗದ್ದಲ ಹಾಕಿದ್ದಳು. ಅಂದಿನಿಂದ ಈ ಏರ್ಪಾಡು. ತಂಬಿಗೆಯ ನೀರು ಅರ್ಧ ಅವ್ವನ ಮೇಲೆ, ಅರ್ಧ ಬಚ್ಚಲ ಗೋಡೆಯ ಮೇಲೆ. ನಾನು ನಕ್ಕರೆ, "ನೀರ ಹೋದ್ರ ಹೋಗ್ಲಿ ಬಿಡವಾ, ಆಕಿ ಮರ್ಯಾದಿ ಉಳೀಲಿ," ಎನ್ನುತ್ತಿದ್ದ.

ನಮ್ಮೂರು ತಾಂಬಾದಲ್ಲಿ ಅವನದು ಹಿಟ್ಟಿನ ಗಿರಣಿ. ಜೋಳ ಸುರಿದು ಮನೆಗೆ ಓಡುವುದು, ಅವ್ವನಿಗೆ ನೀರು ಕುಡಿಸಿ ಮತ್ತೆ ಗಿರಣಿಗೆ ಓಡುವುದು. ಹುಬ್ಬೆಲ್ಲ ಹಿಟ್ಟು. ಮದುವೆ ಮಾತು ತೆಗೆದರೆ, "ಇರೂ ಒಬ್ಬಾಕಿ ಬೈಗುಳಾನ ಮುಗಿವಲ್ವು, ಇನ್ನೊಬ್ಬಾಕಿನ್ನ ಎಲ್ಲಿ ತರ್ಲಿ?" ಎಂದು ಹಾರಿಸಿಬಿಡುತ್ತಿದ್ದ. ನಿನಗೆ ಸಿಟ್ಟೇ ಬರುವುದಿಲ್ಲವೇನೋ ಎಂದು ಒಮ್ಮೆ ಕೇಳಿದೆ. "ಬರ್ತೈತಿ. ಬಂದಾಗ ಹಿತ್ತಲಕ್ಕ ಹೋಗಿ ಗ್ವಾಡಿಗೆ ಬೈತೇನಿ. ಗ್ವಾಡಿ ಅಳೂದಿಲ್ಲ," ಎಂದ.

ನಾನು ಸಿಂದಗಿಯಲ್ಲಿ ಟೀಚರು. ಭಾನುವಾರ ಬಸ್ಸಿಳಿದು ಹೋಗುವುದು, ಸೀರೆ ಸರಿಯಿಲ್ಲ, ಉಗುರು ತೆಗೆದಿಲ್ಲ ಎಂದು ತಪ್ಪು ಹುಡುಕುವುದು, ಅವ್ವನ ತಲೆ ಬಾಚಿ ಸಂಜೆಯ ಬಸ್ಸಿಗೆ ವಾಪಸ್ಸು. ತಪ್ಪಿಗೆ ಕೆಂಪು ಗೀಟು ಹಾಕುವ ಚಟ ನನಗೆ ಎಲ್ಲಿ ಹೋದರೂ ಬಿಡದು.

ಅಂಥ ಒಂದು ಭಾನುವಾರ ಅವ್ವನ ಕುಪ್ಪಸ ಬದಲಿಸಲು ಹೋಗಿ ಚೀರಿದೆ. ಬೆನ್ನ ಕೆಳಗೆ ಅಂಗೈ ಅಗಲದ ಹುಣ್ಣು. ಮಲಗಿ ಮಲಗಿ ಆದದ್ದು. "ಮನಶ್ಯಾ ಅದಿ ಏನು ನೀ? ದಿನಾ ಜಳಕ ಮಾಡಸಾಂವಗ ಇದು ಕಾಣಲಿಲ್ಲ?" ಅಂದುಬಿಟ್ಟೆ. ಅವನಿಗೆ ಹೇಗೆ ಕಾಣಬೇಕು? ನನಗೇನು ಯಾರಾದರೂ ಕಣ್ಣು ಕಟ್ಟಿದ್ದರೇ? ಇದೆಲ್ಲ ಆಮೇಲೆ ಹೊಳೆಯಿತು. ಹಾಳು ನಾಲಗೆ, ಆಡಿದ್ದು ಆಡಿಯಾಗಿತ್ತು.

ಮರುದಿನದಿಂದ ಅವನು ಕಣ್ಣು ತೆರೆದೇ ಜಳಕ ಮಾಡಿಸಿದ. ಅವ್ವ ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದಳಂತೆ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು ಎಂದು ಡಾಕ್ಟರು ಹೇಳಿದ್ದರಿಂದ ಗಿರಣಿಗೂ ಬೀಗ ಬಿತ್ತು. ಹುಣ್ಣು ಮಾಯುತ್ತ ಬಂತು. ಇವನು ಕರಗುತ್ತ ಹೋದ.

"ತಂಗಿ, ಒಂದ ಎಂಟ ದಿನ ಅವ್ವನ ಕೂಡ ಇರ್ತೀಯೇನ?" ಎಂದು ಒಂದು ಸಂಜೆ ಕೇಳಿದ. "ಎದಿ ಹಿಡದಂಗ ಆಗ್ತೈತಿ. ವಿಜಾಪುರಕ್ಕ ಹೋಗಿ ತೋರಿಸ್ಕೊಂಡ ಬರ್ತೇನಿ."

ಹುಟ್ಟಿದಾಗಿನಿಂದ ಅವನು ನನ್ನನ್ನು ಕೇಳಿದ್ದು ಅದೊಂದೇ.

"ಈಗ ನಮ್ಮ ಸಾಲ್ಯಾಗ ರಜಾ ಕೊಡೂದಿಲ್ಲೋ ಅಣ್ಣಾ," ಎಂದೆ.

"ಹಂಗಾರ ಇರ್ಲಿ ಬಿಡು. ನಿನ್ನ ಸೂಟ್ಯಾಗ ನೋಡೂಣು," ಎಂದವನು ಬಸ್ಸಿನ ತನಕ ಬಂದು ನನ್ನ ಚೀಲ ಒಳಗಿಟ್ಟು ಹೋದ.

ಶಾಲೆಯ ಸೂಟಿಗೆ ಹದಿನೈದು ದಿನ ಬಾಕಿ ಇರುವಾಗ, ಅವ್ವನ ಮಗ್ಗಲು ಬದಲಿಸುತ್ತಲೇ ಕುಸಿದ. ಅವ್ವ ಕೂಗಿ ಕೂಗಿ ಓಣಿಯವರು ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವನನ್ನು ಮಣ್ಣು ಮಾಡಿ, ಅವ್ವನನ್ನು ಸಿಂದಗಿಗೆ ಕರೆತಂದ ಮರುದಿನ ಹೆಡ್‌ಮಾಸ್ತರರ ಮುಂದೆ ಸೂಟಿಯ ತನಕದ ರಜೆಯ ಅರ್ಜಿ ಇಟ್ಟೆ. ಅವ್ವನ ಸಲುವಾಗಿ ಎಂದೆ; ಅವರು ಓದದೆಯೇ ಸಹಿ ಹಾಕಿದರು.

"ತಾಯಿನ್ನ ನೋಡ್ಕೊಳ್ಳಾಕ ಅಂದ್ರ ಯಾವಾಗ ಕೇಳಿದ್ರೂ ಕೊಡ್ತಿದ್ದೆ ಅಲ್ರಿ ಟೀಚರ," ಎಂದರು.

ನಾನು ಕೇಳಿಯೇ ಇರಲಿಲ್ಲ.