ಎಣಿಸದೆ ಬರೆದ ಇಪ್ಪತ್ತು

“ಸಿಸ್ಟರ್, ನಮ್ಮತ್ತಿ ಉಸಿರು ನಿಮಿಷಕ್ಕ ಮೂವತ್ತಾರ ಆಗಾಕತ್ತೈತ್ರಿ. ನೀವು ಇಪ್ಪತ್ತ ಬರದೀರಿ. ನಾ ಎಣಿಸಿದ್ದ ತಪ್ಪೇನ್ರಿ?” ಮೆಣಸಗಿ ಊರಿನಿಂದ ಅತ್ತೆಯನ್ನು ಕರೆತಂದಿದ್ದ ಸೊಸೆಯೊಬ್ಬಳು ವಾರ್ಡಿನ ಗೋಡೆ ಗಡಿಯಾರ ತೋರಿಸಿ ಅಂಜುತ್ತಲೇ ಕೇಳಿದಳು.

ನಾನು ಆ ವಾರ್ಡಿನ ನರ್ಸ್. ಜ್ವರ, ನಾಡಿ, ಬಿಪಿ ನೋಡಿದ್ದೆ, ಉಸಿರು ಎಣಿಸಿರಲಿಲ್ಲ. ಎಲ್ಲರ ಚಾರ್ಟಿನಲ್ಲೂ ಕಣ್ಣುಮುಚ್ಚಿ ‘ಇಪ್ಪತ್ತು’ ಬರೆಯುವುದು ನನಗೆ ರೂಢಿಯಾಗಿಹೋಗಿತ್ತು. ಈಗ ಮುದುಕಿಯ ಎದೆಯನ್ನೇ ನೋಡುತ್ತ ಎಣಿಸಿದೆ. ಮೂವತ್ತೆಂಟು! ಓಡಿಹೋಗಿ ಡಾಕ್ಟರನ್ನು ಕರೆತಂದೆ. ಅವರು ಆಕ್ಸಿಜನ್ ಹಚ್ಚಿಸಿ, ಕೂಡಲೇ ಗದಗಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು.

ವಾರದ ನಂತರ ಸೊಸೆ ಬಂದು ನನ್ನ ಕೈ ಹಿಡಿದುಕೊಂಡಳು. “ನೀವು ಲಗೂ ಓಡಿದ್ದಕ್ಕ ಅತ್ತಿ ಉಳದಾರ್ರಿ.”

ಎಣಿಸಿದವಳು ನೀನು, ನಾನು ಎಣಿಸಿಯೇ ಇರಲಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಈಗ ಯಾರಿಗಾದರೂ ನಿಜವಾಗಿಯೇ ಇಪ್ಪತ್ತು ಬಂದರೂ, ಬರೆಯುವ ಮೊದಲು ಇನ್ನೊಮ್ಮೆ ಎಣಿಸುತ್ತೇನೆ.