ಅಣ್ಣನ ಬದಲು ಕೇಳಿಸಿಕೊಂಡದ್ದು

ಮೊನ್ನೆ ಒಬ್ಬ ಹೆಂಗಸು ರವಿಕೆ ಬಟ್ಟೆಯನ್ನು ಸ್ಕ್ಯಾನ್ ಸೆಂಟರಿನ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ನನ್ನ ಹೊಲಿಗೆ ಅಂಗಡಿಗೆ ಬಂದಳು. ಗೂಡಲೂರಿನಲ್ಲಿ ಇದೇನೂ ಹೊಸದಲ್ಲ. ಆ ಚೀಲ ಗಟ್ಟಿ, ಮಳೆಗೆ ನೆನೆಯದು, ಬಿಸಾಡಲು ಯಾರಿಗೂ ಮನಸ್ಸಾಗದು. ಆದರೂ ಅಳತೆ ತೆಗೆಯುವುದು ಬಿಟ್ಟು, "ಯಾರಿಗಮ್ಮಾ ಹುಷಾರಿಲ್ಲ?" ಎಂದು ಕೇಳಿಬಿಟ್ಟೆ. ಅವಳ ಅತ್ತೆಗೆ ಮೊಣಕಾಲು ನೋವಂತೆ. ನನ್ನ ತಲೆಯಲ್ಲಿದ್ದದ್ದು ಅಣ್ಣ.

ಅಣ್ಣ ಪ್ರವಾಸಿಗರನ್ನು ಮಸಿನಗುಡಿಗೆ ಕರೆದೊಯ್ಯುವ ಜೀಪ್ ಓಡಿಸುತ್ತಾನೆ. ಅದನ್ನು ನನ್ನ ಅಂಗಡಿ ಬಾಗಿಲಿಗೆ ಅಡ್ಡ ನಿಲ್ಲಿಸುವುದು ಅವನ ಹಕ್ಕು, ಬೆಳಿಗ್ಗೆ ಎದ್ದು ಅದಕ್ಕೆ ಕೂಗಾಡುವುದು ನನ್ನ ಹಕ್ಕು. "ಗಿರಾಕಿ ಹೆಂಗೋ ಬರೋದು, ಹಾರ್ಕೊಂಡಾ?" ಎಂಬ ನನ್ನ ಕೂಗು ಕೇಳಿಯೇ ಬೀದಿಯವರು ಗಂಟೆ ಎಷ್ಟೆಂದು ತಿಳಿಯುತ್ತಾರೆಂದು ಅತ್ತಿಗೆ ಆಡಿಕೊಳ್ಳುತ್ತಾಳೆ.

ಕಳೆದ ವರ್ಷ ಅವನ ಕಿಡ್ನಿಯಲ್ಲಿ ಸಣ್ಣ ಕ್ಯಾನ್ಸರ್ ಗಡ್ಡೆ ಕಾಣಿಸಿತು. ಹೃದಯ ಅಷ್ಟು ಗಟ್ಟಿಯಿಲ್ಲ, ಆಪರೇಷನ್ ಬೇಡ ಎಂದ ಕೊಯಮತ್ತೂರಿನ ಡಾಕ್ಟರು, ಸ್ಕ್ಯಾನ್ ನೋಡುತ್ತಲೇ ಬೆನ್ನಿನಿಂದ ಸೂಜಿ ಚುಚ್ಚಿ, ಗಡ್ಡೆಯನ್ನು ಐಸಿನ ಹಾಗೆ ಹೆಪ್ಪುಗಟ್ಟಿಸಿದರು; ಅಷ್ಟು ತಂಪಿಗೆ ಅದು ಸಾಯುತ್ತದಂತೆ. ಆಮೇಲೆ ಮೊದಲಿನ ಚಿತ್ರ, ನಂತರದ ಚಿತ್ರ ಎರಡನ್ನೂ ಕಂಪ್ಯೂಟರಿಗೆ ಕೊಟ್ಟರು. ಗಡ್ಡೆ ಮತ್ತೆ ಬೆಳೆಯಬಹುದೇ, ಯಾವ ಕಡೆಯಿಂದ ಎಂದು ಅದು ಅಂದಾಜು ಹೇಳುತ್ತದಂತೆ.

"ಹೇಳಲೇ?" ಎಂದು ಡಾಕ್ಟರು ಅಣ್ಣನನ್ನು ಕೇಳಿದರು.

"ನಂಗ್ ಬೇಡ ಸಾರ್. ತಂಗಿಗೆ ಹೇಳಿ. ಬೇಕಾದಾಗ ನಾನೇ ಕೇಳ್ತೀನಿ, ಅಲ್ಲೀವರ್ಗೂ ಅವಳು ಬಾಯಿ ಬಿಡಬಾರ್ದು," ಎಂದವನು ಟೀ ಕುಡಿಯಲು ಎದ್ದುಹೋದ. ನಾನು ಆಗಲೆಂದು ತಲೆಯಾಡಿಸಿದ್ದೆ.

ಡಾಕ್ಟರು ಪರದೆಯ ಮೇಲೆ ಗಡ್ಡೆಯ ಒಂದು ಅಂಚು ತೋರಿಸಿದರು. ಅಲ್ಲಿಗೆ ತಂಪು ಸರಿಯಾಗಿ ತಲುಪಿಲ್ಲ, ಮತ್ತೆ ಬೆಳೆಯುವ ಸಾಧ್ಯತೆ ಹೆಚ್ಚು. ಬರೀ ಅಂದಾಜು ನಂಬಿ ಇನ್ನೊಮ್ಮೆ ಸೂಜಿ ಹಾಕಲಾರೆ, ಮೂರು ತಿಂಗಳಿಗೆ ಸ್ಕ್ಯಾನ್ ಮಾತ್ರ ತಪ್ಪಿಸಬೇಡಿ ಎಂದರು.

ಮೂರು ತಿಂಗಳಾಯಿತು. "ಸೀಸನ್ ಮುಗೀಲಿ," ಎಂದ ಅಣ್ಣ. ನೀವೇ ಹೇಳಿ, ಕಾರಣ ಹೇಳದೆ 'ಹೋಗು ಹೋಗು' ಎಂದು ಎಷ್ಟು ಸಲ ಅನ್ನಲಿ? ರೇಗಲೂ ಮನಸ್ಸಾಗುತ್ತಿರಲಿಲ್ಲ. ಬಾಗಿಲಿಗೆ ಅಡ್ಡ ನಿಂತ ಜೀಪ್ ನೋಡುತ್ತ ಸುಮ್ಮನೆ ಮಿಷನ್ ತುಳಿಯುತ್ತಿದ್ದೆ. ಸೊಪ್ಪಿನ ಸಾರು ಮಾಡಿದರೆ ಮೊದಲು ಅವನ ಮನೆಗೆ ಕಳಿಸುತ್ತಿದ್ದೆ.

ಒಂದು ಬೆಳಿಗ್ಗೆ ಅವನೇ ಒಳಗೆ ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂತ.

"ಒಂದು ವಾರದಿಂದ ಬೇಕಂತಲೇ ಜೀಪ್ ಅಡ್ಡ ನಿಲ್ಲಿಸ್ತಿದೀನಿ. ನಿನ್ ಬಾಯಲ್ಲಿ ಒಂದ್ ಮಾತಿಲ್ಲ. ಡಾಕ್ಟ್ರು ಅಷ್ಟು ಕೆಟ್ಟ ಸುದ್ದಿ ಹೇಳಿದ್ರಾ?"

ನಾನು ಕತ್ತರಿ ಕೆಳಗಿಟ್ಟೆ. "ಈಗ ಕೇಳ್ತಿದೀಯಾ?"

"ಕೇಳ್ತಿದೀನಿ."

ಹೇಳಿದೆ. ಅವನು ಜೇಬಿನಿಂದ ಜೀಪಿನ ಕೀ ತೆಗೆಯುತ್ತ ಎದ್ದ. "ಸೀಸನ್ ಎಲ್ಲಿಗ್ ಓಡಿಹೋಗುತ್ತೆ, ನಾಳೇನೇ ಹೋಗೋಣ," ಎಂದ.

ಕಂಪ್ಯೂಟರು ಹೇಳಿದ್ದ ಅಂಚಿನಲ್ಲೇ ಗಡ್ಡೆ ಚಿಗುರಿತ್ತು. ಚಿಕ್ಕದಿತ್ತಾದ್ದರಿಂದ ಮತ್ತೆ ಹೆಪ್ಪುಗಟ್ಟಿಸಿದರು. ಹೊಸ ಅಂದಾಜು ಬಂದ ದಿನ ಅಣ್ಣ, "ನಂಗೇ ಹೇಳಿ ಸಾರ್," ಎಂದ. ಹೊರಗೆ ಹೋಗಲು ಎದ್ದ ನನ್ನನ್ನು ಕೈಹಿಡಿದು ಕೂರಿಸಿದ. "ಈ ಸಲ ಸಾಧ್ಯತೆ ಕಡಿಮೆ. ಇಲ್ಲವೇ ಇಲ್ಲ ಅನ್ನಲಾರೆ," ಎಂದರು ಡಾಕ್ಟರು. ಇಬ್ಬರೂ ಕೇಳಿಸಿಕೊಂಡೆವು.

ಆಮೇಲಿನ ಎರಡು ಸ್ಕ್ಯಾನುಗಳಲ್ಲಿ ಏನೂ ಕಂಡಿಲ್ಲ. ಮುಂದಿನದಕ್ಕೆ ಅವನೇ ತಾರೀಖು ಹಾಕಿಸಿಕೊಂಡಿದ್ದಾನೆ. ಜೊತೆಗೆ ನಾನೂ ಹೋಗುತ್ತೇನೆ. ಮೊದಲೆಲ್ಲ ವಾಪಸ್ ಬರುವಾಗ ಘಾಟಿಯ ಒಂದೊಂದು ತಿರುವನ್ನೂ ಕಣ್ಣುಬಿಟ್ಟು ನೋಡುತ್ತಿದ್ದೆ. ಈಗ ಘಾಟಿಯ ಬುಡದ ಮೆಟ್ಟುಪಾಳ್ಯಂ ದಾಟುವುದರೊಳಗೆ ನಿದ್ದೆ ಬರುತ್ತದೆ. ಗೂಡಲೂರು ಬಂದಾಗ ಅವನೇ ಎಬ್ಬಿಸುತ್ತಾನೆ.