ಯಾವ ಮನೆಯದೂ ಅಲ್ಲದ ಚೀಟಿ

ಕುಂದಗೋಳದಲ್ಲಿ ನನ್ನ ಹೊಲಿಗೆ ಅಂಗಡಿ ಎಂದರೆ ನಮ್ಮ ಮನೆಯ ಪಡಸಾಲೆಯೇ. ಕಿಟಕಿಗೆ ಸಿಗಿಸಿದ ತಂತಿಯಲ್ಲಿ ಅಳತೆ ಚೀಟಿಗಳನ್ನು ಚುಚ್ಚಿರುತ್ತೇನೆ. ಒಂದೇ ಹೆಸರಿನ ಮೂರ್ನಾಲ್ಕು ಹೆಣ್ಣುಮಕ್ಕಳು ಕುಬಸ ಹೊಲಿಯಲು ಕೊಟ್ಟರೆ ಹೆಸರಿನ ಜೊತೆ ಮನೆಯನ್ನೂ ಬರೆಯುತ್ತೇನೆ, ಗಿರಣಿ ಬಾಜು ಮನೆ, ಬೇವಿನಗಿಡದ ಮನೆ ಎಂದು. ಇಲ್ಲದಿದ್ದರೆ ಒಬ್ಬಳ ಕುಬಸ ಇನ್ನೊಬ್ಬಳ ಮೈಗೆ ಹೋಗಿ ನನ್ನ ಮಾನ ಬೀದಿಗೆ ಬರುತ್ತದೆ. ಇಷ್ಟು ಬುದ್ಧಿ ಇದ್ದವಳು, ಅವ್ವನ ತಾಯಿಯ ತವರು ಹುಡುಕಲು ಹೊರಟಾಗ ಅದನ್ನೆಲ್ಲ ಎಲ್ಲಿ ಗಂಟುಕಟ್ಟಿ ಇಟ್ಟಿದ್ದೆನೋ, ಶಿವನೇ ಬಲ್ಲ.

ಅವ್ವ ಅಂಬೆಗಾಲಿಡುವ ಕೂಸಾಗಿದ್ದಾಗಲೇ ಅವಳ ತಾಯಿ ತೀರಿಕೊಂಡಳು. ಅಜ್ಜ ಮತ್ತೊಂದು ಮದುವೆಯಾದ. ಬಂದ ತಾಯಿ ಒಳ್ಳೆಯವಳೇ, ಹೊಟ್ಟೆಗೆ ಬಟ್ಟೆಗೆ ಎಂದೂ ಕಡಿಮೆ ಮಾಡಲಿಲ್ಲ. ಆದರೆ ಸತ್ತವಳ ತವರಿನ ಹೆಸರನ್ನು ಮಾತ್ರ ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಕೂಸನ್ನು ಯಾರು ಒಯ್ಯಬೇಕೆಂದು ಬೀಗರಿಬ್ಬರಿಗೂ ಜಗಳವಾಗಿ ಹೋಗಿಬರುವುದು ನಿಂತಿತ್ತು. ಅವ್ವನಿಗೆ ಗೊತ್ತಿದ್ದದ್ದು ಎರಡೇ ಸಂಗತಿ. ಆ ಊರು ಹಳ್ಳದ ಆಚೆ ಇದೆ. ಇನ್ನೊಂದು ಅಲ್ಲಿದ್ದ ಸೋದರಮಾವನ ಹೆಸರು, ಅದೂ ಅವನ ಅಜ್ಜನಿಂದ ಬಂದದ್ದು.

ಪಂಚಮಿ ಬಂದರೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿನ ದಾರಿ ಹಿಡಿಯುತ್ತಿದ್ದರು. ಅವ್ವ ಉಂಡಿ ಕಟ್ಟುತ್ತ, "ನಮ್ಮವ್ವನ ಹೊಸ್ತಲಾ ಒಮ್ಮಿ ತುಳದು, ಅಲ್ಲಿ ಒಂದ್ ತುತ್ತು ಉಂಡು ಬರಬೇಕು ನೋಡವಾ. ಉಡಿ ತುಂಬಿಸ್ಕೊಳ್ಳೂ ಕಾಲಂತೂ ಮುಗೀತು," ಎನ್ನುತ್ತಿದ್ದಳು. ಅಪ್ಪ ಹೋಗಿ ಕೆಲವು ವರ್ಷಗಳಾಗಿವೆ. ಮುತ್ತೈದೆಯಾಗಿದ್ದಾಗ ಒಮ್ಮೆಯೂ ಆ ಮನೆಯ ಉಡಿ ಸಿಗದೆ ಹೋಯಿತಲ್ಲ ಎಂಬ ಕೊರಗು ಆ ಮಾತಿನಲ್ಲಿತ್ತು. ಎಪ್ಪತ್ತು ದಾಟಿದವಳಿಗೆ ಒಂದು ಹೊಸ್ತಿಲು ತೋರಿಸಲಾಗದಿದ್ದರೆ ಮಗಳೆನಿಸಿಕೊಂಡು ಏನು ಉಪಯೋಗ?

ಹುಡುಕಾಟ ಶುರು ಮಾಡಿದೆ. ಲಗ್ನಕ್ಕೆ, ತಿಥಿಗೆ, ಎಲ್ಲಿಗೆ ಹೋದರೂ ಹಿರಿಯರ ಪಕ್ಕ ಕುಳಿತು ಕೇಳುವುದು, ಕೇಳಿದ್ದನ್ನು ಕೈಗೆ ಸಿಕ್ಕ ಕಾಗದದ ಮೇಲೆ ಗೀಚುವುದು. ಮನೆಯಲ್ಲಿ ಲಗ್ನಪತ್ರಿಕೆಯ ಲಕೋಟೆಗಳಿಗೇನು ಬರವೇ? ಒಬ್ಬೊಬ್ಬರ ಹೆಸರಿಗೆ ಒಂದೊಂದು ಲಕೋಟೆ ಮಾಡಿ ಚೀಟಿ ತುಂಬಿದೆ. "ಬಟ್ಟಿ ಹೊಲಿಯೂದು ಬಿಟ್ಟು ಚೀಟಿ ಹೊಲಿಯಾಕ ಹತ್ತೀಯಲ್ಲ ಬೇ," ಎಂದು ಅವ್ವ ನಗುತ್ತಿದ್ದಳು.

ಒಂದು ದಿನ ಸೋದರಮಾವನ ಹೆಸರಿನ ಲಕೋಟೆಯಲ್ಲಿ ಬಂಗಾರದಂಥ ಚೀಟಿ ಸಿಕ್ಕಿತು. 'ಹೊಲ ಮಾರಿ ಕಲಘಟಗಿಗೆ ಹೋದ, ಕಬ್ಬು ಹಚ್ಚಿದ್ದಾನೆ' ಎಂದು ನನ್ನದೇ ಅಕ್ಷರ. ಯಾರು ಹೇಳಿದ್ದು, ಎಲ್ಲಿ ಹೇಳಿದ್ದು, ಏನೂ ಇಲ್ಲ. ಇರಲಿ, ಹೆಸರು ಕೂಡುತ್ತದಲ್ಲ! ಮರುದಿನವೇ ಅವ್ವನನ್ನು ಕರೆದುಕೊಂಡು ಹುಬ್ಬಳ್ಳಿಯ ಮೇಲೆ ಕಲಘಟಗಿಗೆ ಹೋದೆ. ಅವ್ವ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟಿದ್ದಳು.

ಮನೆ ಸಿಕ್ಕಿತು. ಕಾಲಿಗೆ ನೀರು ಕೊಟ್ಟರು, ಚಾಪೆ ಹಾಸಿದರು, ಚಹಾ ಬಂತು. ಆ ಮನೆಯ ಮುದುಕ ಕನ್ನಡಕ ಏರಿಸಿ ಅವ್ವನನ್ನೇ ದಿಟ್ಟಿಸಿ ನೋಡಿ, "ತಂಗಿ, ನೀ ನಮ್ಮ ತಮ್ಮನ ಹೇಣ್ತಿ ಅಲ್ಲೇನು? ನಿನ್ನ ಲಗ್ನಕ್ಕ ಬಂದು ಹುಗ್ಗಿ ಉಂಡೇನಲ್ಲವಾ!" ಎಂದ.

ನಾನು ಚಹಾದ ಬಟ್ಟಲು ಕೆಳಗಿಟ್ಟೆ. ಅವನು ಅಪ್ಪನ ದೊಡ್ಡಪ್ಪನ ಮಗ. ನಮ್ಮ ಕಡೆ ಮೊಮ್ಮಗನಿಗೆ ಅಜ್ಜನ ಹೆಸರು ಇಡುವುದೇ ಪದ್ಧತಿ, ಒಂದೇ ಹೆಸರಿನವರು ಮನೆಮನೆಗೆ ಸಿಗುತ್ತಾರೆ. ಇಬ್ಬರನ್ನು ಒಂದೇ ಲಕೋಟೆಗೆ ಹಾಕಿ ಕುಳಿತಿದ್ದೆ ನಾನು. ಉಂಡೇ ಹೋಗಬೇಕೆಂದರು, ಉಂಡೆವು. ಬಸ್ಸಿನಲ್ಲಿ ಅವ್ವ ಅಂದಳು, "ತವರಮನಿ ಹುಡಕಾಕ ಹೋಗಿ ಗಂಡನ ಮನಿಗೇ ಹೋಗಿ ಮುಟ್ಟಿದ್ವಲ್ಲ ಬೇ." ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಊರು ಹತ್ತಿರ ಬಂದಾಗ ಮಾತ್ರ ಅವಳು, "ಸಾಕು ಬಿಡವಾ ಇನ್ನ. ನನ್ನ ಹಣಿಬರದಾಗ ಇಲ್ಲದು," ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಇಳಕಲ್ ಸೀರೆ ಮತ್ತೆ ಪೆಟ್ಟಿಗೆ ಸೇರಿತು.

ಅಷ್ಟಕ್ಕೇ ಬಿಡುವವಳೇ ನಾನು? ನನ್ನ ಮೇಲೇ ಸಿಟ್ಟು ಬಂದು ಲಕೋಟೆಗಳನ್ನೆಲ್ಲ ಚಾಪೆಯ ಮೇಲೆ ಸುರುವಿದೆ. ಕುಬಸಕ್ಕೆ ಯಾವ ಕಾಯಿದೆಯೋ ಇದಕ್ಕೂ ಅದೇ ಎಂದುಕೊಂಡೆ. ಹೆಸರಿಗೊಂದು ಲಕೋಟೆ ಬೇಡ, ಮನೆಗೊಂದು. ಒಂದು ಚೀಟಿಗೆ ಒಂದೇ ಮಾತು. ಕೆಳಗೆ ಹೇಳಿದವರು ಯಾರು, ಎಲ್ಲಿ ಕುಳಿತು ಹೇಳಿದರು ಎಂದು ಬರೆಯಬೇಕು. ಮುಖ್ಯವಾಗಿ ಅದು ಅವರು ಕಂಡದ್ದೋ, ಕೇಳಿದ್ದೋ. ಹಳೆಯ ಚೀಟಿ ಹಿಡಿದು ಮತ್ತೆ ಹಿರಿಯರ ಬಳಿ ಹೋದೆ. "ಮತ್ತ ಬಂತಪಾ ಪೊಲೀಸು," ಎಂದು ಕೆಲವರು ಹಿತ್ತಲಿಗೆ ಜಾರಿದರು. ಅಜ್ಜನ ದಿಬ್ಬಣದ ಚಕ್ಕಡಿ ಹೊಡೆದವನ ಮಗ ಮಾತ್ರ, ಊರು ಯಾವುದೋ ಗೊತ್ತಿಲ್ಲ, ಲಗ್ನದ ದಿನ ಹಳ್ಳ ತುಂಬಿ ದಿಬ್ಬಣ ದಂಡೆಗೇ ಕುಳಿತಿತ್ತೆಂದು ಅಪ್ಪ ಹೇಳುತ್ತಿದ್ದ ಎಂದು ಬರೆಸಿದ.

ಹಾಗೆ ಕೇಳುವಾಗ, ಕುಂದಗೋಳದ ಕಡೆಯೇ ಅವ್ವ ಬೆಳೆದ ಅಜ್ಜನ ಮನೆಯ ಪಕ್ಕದ ಮುದುಕಿ, ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಒಂದು ಮಾತು ಹೇಳಿದಳು. "ಬಾಣಂತನಾ ಮುಗಿಸಿ ನಿಮ್ಮಜ್ಜಿ ಕೂಸಿನ್ನ ತಗೊಂಡು ಬಂದಾಗ ತವರಮನ್ಯಾವ್ರು ತೊಟ್ಲ ಕೊಡಲಿಲ್ಲವಾ. ಹತ್ತಿ ತುಂಬಿದ್ದೊಂದು ಬುಟ್ಟಿ ಕೊಟ್ಟು ಕಳಿಸಿದ್ರು. ನಾನ ನೋಡೀನಿ. ಓಣ್ಯಾಗ ಎಲ್ಲಾರೂ ನಕ್ರು."

ಚೊಚ್ಚಲ ಕೂಸಿನ ಜೊತೆ ತವರಿನಿಂದ ಬಣ್ಣದ ತೊಟ್ಟಿಲು ಬರುವುದು ನಮ್ಮಲ್ಲಿ ದೊಡ್ಡಸ್ತಿಕೆಯ ಮಾತು. ಬುಟ್ಟಿ ಕೊಟ್ಟರೆಂದರೆ ಜುಗ್ಗರು ಇರಬೇಕು ಎಂದುಕೊಂಡೆ. ಯಾವ ಲಕೋಟೆಗೂ ಸೇರದ ಇಂಥ ಮಾತಿಗೆಂದೇ ಒಂದು ಲಕೋಟೆ ಇಟ್ಟು ಅದರ ಮೇಲೆ 'ಯಾವ ಮನೆಯದೂ ಅಲ್ಲ' ಎಂದು ಬರೆದಿದ್ದೆ. ಚೀಟಿ ಅಲ್ಲಿ ಹೋಗಿ ಬಿತ್ತು. ಆದರೆ ಆ ಲಕೋಟೆಗೂ ಒಂದು ನೇಮ ಮಾಡಿಕೊಂಡಿದ್ದೆ. ಅಮಾವಾಸ್ಯೆಯ ದಿನ ರೈತರು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ನಾನೂ ಮಷೀನು ತುಳಿಯುವುದಿಲ್ಲ. ಆ ದಿನ ಅದನ್ನು ಬಿಚ್ಚಿ ಪ್ರತಿ ಚೀಟಿಯನ್ನೂ ಗಟ್ಟಿಯಾಗಿ ಓದುತ್ತಿದ್ದೆ. ಓದದ ಚೀಟಿ ಇದ್ದರೇನು, ಒಲೆಗೆ ಹಾಕಿದರೇನು?

ಅಂಥ ಒಂದು ಅಮಾವಾಸ್ಯೆ ಆಗಿ ವಾರ ಕಳೆದಿರಲಿಲ್ಲ. ಅಣ್ಣಿಗೇರಿಯಲ್ಲಿ ಸಂಬಂಧಿಕರ ಮನೆಗೆ ಕೂಸಿಗೆ ಹೆಸರಿಡುವ ಕಾರ್ಯಕ್ಕೆ ಹೋಗಿದ್ದೆ. ಕಲಘಟಗಿಯ ತೊಟ್ಟಿಲು ಝಗಝಗ ಹೊಳೆಯುತ್ತಿತ್ತು, ಹೆಂಗಸರೆಲ್ಲ ಅದರ ಬಣ್ಣ ಹೊಗಳುತ್ತಿದ್ದರು. ನನ್ನ ಬಾಜು ಕುಳಿತವಳು ಎಲೆ ಮಡಿಸುತ್ತ, "ನಮ್ಮ ಮನ್ಯಾಗ ಈ ತ್ರಾಸ ಇಲ್ರಿ. ನಮಗ ತೊಟ್ಲ ಕೊಡೂದು ಆಗಿ ಬರೂದಿಲ್ಲ. ಹತ್ತಿ ಬುಟ್ಟಿ ಕೊಟ್ಟು ಕಳಸ್ತೀವಿ," ಎಂದಳು.

ನಾನು ಅವಳ ಕಡೆಗೆ ತಿರುಗಿ ಕುಳಿತೆ. "ಯಾವೂರ್ರೀ ನಿಮ್ದು?"

"ತಿರ್ಲಾಪುರ್ರಿ."

ಹಳ್ಳದ ಆಚೆ! ಆದರೂ ಈ ಸಲ ಅವ್ವನಿಗೆ ಹೇಳಲಿಲ್ಲ. ಇಳಕಲ್ ಸೀರೆ ಇನ್ನೊಮ್ಮೆ ಸುಮ್ಮನೆ ಪೆಟ್ಟಿಗೆಗೆ ಮರಳುವುದು ನನಗೆ ಬೇಡವಾಗಿತ್ತು. ಒಬ್ಬಳೇ ಹೋದೆ. ಆ ಮನೆಯ ಹಿರಿಯ ಹೊರಸಿನ ಮೇಲೆ ಕುಳಿತಿದ್ದ. ನನಗೆ ಗೊತ್ತಿದ್ದದ್ದನ್ನು ಬಾಯಿ ಬಿಡದೆ, ಕುಂದಗೋಳದ ಕಡೆಗೆ ಹೆಣ್ಣು ಕೊಟ್ಟಿದ್ದಿರೇನ್ರಿ ಎಂದಷ್ಟೇ ಕೇಳಿದೆ.

"ನಮ್ಮತ್ತಿ ಒಬ್ಬಾಕಿನ್ನ ಕೊಟ್ಟಿದ್ರಂತವಾ. ಲಗ್ನದ ದಿನಾ ಹಳ್ಳ ತುಂಬಿ ಬಂದು ದಿಬ್ಬಣ ಆಚಿ ದಂಡಿಗೇ ಕುಂತಿತ್ತಂತ. ಅಕ್ಕಿಕಾಳು ಮರುದಿನಾ ಬಿದ್ದೂವಂತ. ಪಾಪ, ಆಕಿ ಭಾಳ ದಿನಾ ಬದಕಲಿಲ್ಲ. ಒಂದು ಹೆಣ್ಣು ಕೂಸಿತ್ತು. ನಮ್ಮಪ್ಪ ಸಾಯೂ ಮಟಾ ಆ ಕೂಸಿನ ಸುದ್ದಿ ತಗೀತಿದ್ದ."

ಹಳ್ಳದ ದಂಡೆಯ ದಿಬ್ಬಣ ನನ್ನ ಚೀಟಿಯಲ್ಲಿ ಮೊದಲೇ ಇತ್ತು. ಚಕ್ಕಡಿ ಹೊಡೆದವನ ಮಗ ಬರೆಸಿದ್ದು. ಅಳು ತಡೆಯಲಾಗಲಿಲ್ಲ. "ಆ ಕೂಸು ನಮ್ಮವ್ವರೀ," ಎಂದೆ.

ಮುಂದಿನ ಪಂಚಮಿಗೆ ಅವ್ವ ಇಳಕಲ್ ಸೀರೆ ಉಟ್ಟಳು. ತಿರ್ಲಾಪುರದ ಆ ಹೊಸ್ತಿಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಒಳಗೆ ಹೋದಳು. ರೊಟ್ಟಿ, ಪಲ್ಯ, ಉಂಡಿ ಬಡಿಸಿದರು. ಊಟವಾದ ಮೇಲೆ ಹಿರಿಯನ ಹೆಂಡತಿ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಕುಬಸದ ಬಟ್ಟೆ ಇಟ್ಟುಕೊಂಡು ಬಂದಳು. ಅವ್ವ ಗಾಬರಿಯಾಗಿ ಹಿಂದೆ ಸರಿದು, "ಬ್ಯಾಡ್ರಿ, ನನಗ ನಡ್ಯಾಂಗಿಲ್ಲ," ಎಂದಳು.

"ಗಂಡನ ಮನಿ ಶಾಸ್ತ್ರ ಗಂಡನ ಮನ್ಯಾಗ ಇರ್ಲಿ," ಅಂದಳು ಆ ತಾಯಿ. "ಇದು ನಿಮ್ಮವ್ವಂದು. ಆಕಿಗೆ ತುಂಬೂದು ಉಳದಿತ್ತು. ಒಡ್ಡವಾ ಸೆರಗು."

ಅವ್ವ ಸೆರಗೊಡ್ಡಿದಳು. ಅಷ್ಟು ಅತ್ತದ್ದನ್ನು ನಾನು ಅಪ್ಪ ಹೋದಾಗಲೂ ನೋಡಿರಲಿಲ್ಲ.

ತಿರುಗಿ ಬರುವಾಗ ಬಸ್ಸು ಹಳ್ಳದ ಸೇತುವೆಗೆ ಬಂದಿತ್ತು. ಅವ್ವ ಉಡಿಯನ್ನು ಎರಡೂ ಕೈಯಿಂದ ಹಿಡಿದು ಕುಳಿತಿದ್ದಳು.

"ಚೀಟಿ ಬರದೀಯೇನು?" ಎಂದಳು.

"ಮನಿಗಿ ಹೋಗಿ ಬರೀತೀನಿ ಬೇ."

"ಈಗ ಬರಿ. ಮರತೀ ಮತ್ತ."

ಟಿಕೆಟಿನ ಹಿಂದೆ ಬರೆದೆ, ಅವ್ವನ ತಾಯಿಯ ಮನೆಯಲ್ಲಿ ಉಡಿ ತುಂಬಿದರು ಎಂದು. ಕೆಳಗೆ ಹೇಳಿದವರು ಎಂದು ಬರೆದು ಕೈ ತಡೆದೆ. ಅಜ್ಜಿಯ ವಿಷಯದಲ್ಲಿ ಅವ್ವ ಇಷ್ಟು ವರ್ಷ ನನಗೆ ಕೊಟ್ಟದ್ದೆಲ್ಲ ಬರೀ ಕೇಳಿದ ಮಾತು.

"ನನ್ನ ಹೆಸರ ಹಾಕು," ಎಂದಳು ಅವ್ವ. "ಬಾಜುಕ ಕಂಡದ್ದು ಅಂತ ಬರಿ."